‘ದಿ ಸರ್ಪೆಂಟ್’ ನೋಡಿದವರು ಬನ್ನಿ: ಬ್ಯಾಂಕಾಕ್, ಪಾಸ್‌ಪೋರ್ಟು, ಶೋಭರಾಜ್ (ಕಥೆ ಪೂರ್ತಿ ಹೇಳಿದ್ದೇವೆ, ನೋಡದವರು ಎಚ್ಚರ!)

ನಿದ್ದೆಗೇಡಿ (ಬೆಂಗಳೂರು)

ಪ್ರವಾಸಿಗಳನ್ನು ಕೊಂದು ದೋಚುತ್ತಿದ್ದ ಚಾರ್ಲ್ಸ್ ಶೋಭರಾಜ್ ಎಂದರೆ ನಮ್ಮಲ್ಲಿ ಕಥೆ ತಿಹಾರ್ ಜೈಲಿನಿಂದಲೇ ಶುರು. ಕಾವಲಿನವರಿಗೆ ಹುಟ್ಟುಹಬ್ಬದ ಸಿಹಿ ತಿನ್ನಿಸಿ ಮಲಗಿಸಿದ್ದು, ಗೋವಾದಲ್ಲಿ ಸಿಕ್ಕಿಬಿದ್ದದ್ದು, ಅದೇ ಹಳೇ ಪುರಾಣ. ಈ ಸೀರೀಸ್ ಅದರ ಗೋಜಿಗೇ ಜಾಸ್ತಿ ಹೋಗುವುದಿಲ್ಲ. ಎಂಟು ಕಂತುಗಳಲ್ಲಿ ಬಹುಪಾಲು ನಡೆಯುವುದು 1975-76ರ ಬ್ಯಾಂಕಾಕ್‌ನಲ್ಲಿ. ಅದೂ ಹೊರದೇಶದಿಂದ ಬಂದು ಬೀಡುಬಿಟ್ಟವರ ಬ್ಯಾಂಕಾಕ್. ರಾಯಭಾರ ಕಚೇರಿಯ ಸಣ್ಣ ದೊಡ್ಡ ಅಧಿಕಾರಿಗಳು, ಕಾನಿತ್ ಹೌಸ್ ಎಂಬ ಅಪಾರ್ಟ್‌ಮೆಂಟಿನ ಈಜುಕೊಳದ ಸುತ್ತ ಹರಟುವ ಫ್ರೆಂಚರು, ಬೆನ್ನಿಗೆ ಚೀಲ ಏರಿಸಿಕೊಂಡು ಬಂದ ಹಿಪ್ಪಿ ಹುಡುಗ ಹುಡುಗಿಯರು. ಇವರ ನಡುವೆ ಅಲೆನ್ ಗೋಟಿಯೆ ಎಂಬ ಹೆಸರಿಟ್ಟುಕೊಂಡ ರತ್ನದ ವ್ಯಾಪಾರಿ. ಅವನೇ ನಮ್ಮ ಶೋಭರಾಜ್.

ಬಿಬಿಸಿಯಲ್ಲಿ 2021ರ ಜನವರಿ 1ಕ್ಕೆ ಶುರುವಾಗಿ, ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಸೀರೀಸ್ ಇದು. ನಾನು ಈಗ ನೋಡಿದೆ. ಒಂದು ವಿಷಯ ತಲೆಯಿಂದ ಹೋಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಈ ಪರದೇಶಿಗಳ ಊರಲ್ಲಿ ಎಲ್ಲರೂ ತಮ್ಮ ತಮ್ಮ ಕೋಣೆಯಲ್ಲಿದ್ದಾರೆ. ಡಚ್ಚರ ಕಚೇರಿ ಡಚ್ಚರನ್ನು ನೋಡಿಕೊಳ್ಳುತ್ತದೆ, ಅಮೆರಿಕದವರದು ಅಮೆರಿಕದವರನ್ನು, ಫ್ರೆಂಚರದು ಫ್ರೆಂಚರನ್ನು. ಸತ್ತವರು ಬೇರೆ ಬೇರೆ ದೇಶದವರು, ಹಾಗಾಗಿ ಒಂದೊಂದು ಸಾವೂ ಒಂದೊಂದು ಮೇಜಿನ ಮೇಲೆ ಒಂಟಿಯಾಗಿ ಬಿದ್ದಿದೆ. ಒಟ್ಟಿಗೆ ಇಟ್ಟು ನೋಡುವವರೇ ಇಲ್ಲ. ಎಲ್ಲ ಕೋಣೆಗೂ ಸಲೀಸಾಗಿ ಹೋಗಿಬರುವವನು ಒಬ್ಬನೇ, ಕೊಲೆಗಾರ! ಹುಟ್ಟಿದ್ದು 1944ರಲ್ಲಿ ಸೈಗಾನ್‌ನಲ್ಲಿ. ಅಪ್ಪ ಭಾರತದವನು, ಅಮ್ಮ ವಿಯೆಟ್ನಾಮಿನವಳು. ಫ್ರೆಂಚರ ಹತ್ತಿರ ಫ್ರೆಂಚ್, ಉಳಿದವರ ಹತ್ತಿರ ಇಂಗ್ಲಿಷ್. ಯಾರಿಗೂ ಪೂರ್ತಿ ಸೇರದವನು, ಅದಕ್ಕೇ ಎಲ್ಲರ ಹತ್ತಿರವೂ ಸೇರಿಕೊಳ್ಳಬಲ್ಲ.

ನೀವೆಲ್ಲ ಮೂಲ ಧ್ವನಿಯಲ್ಲೇ ನೋಡಿದಿರಾ? ಹಿಂದೆ ಮುಂದೆ ಹಾರುವ ಕಾಲದಿಂದ ತಲೆ ಕೆಡಲಿಲ್ವಾ?

ಕಾಫಿಪುಡಿ (ಹಾಸನ)

ತಲೆ ಕೆಡ್ತು ಗುರು. ವಿಮಾನ ನಿಲ್ದಾಣದ ಹಳೇ ಬೋರ್ಡ್ ಹಾಗೆ ಪಟಪಟ ಅಕ್ಷರ ತಿರುಗಿ ‘ಎರಡು ತಿಂಗಳ ಹಿಂದೆ’ ಅಂತ ಬರುತ್ತದೆ. ಅದನ್ನು ಅರಗಿಸಿಕೊಳ್ಳುವಷ್ಟರಲ್ಲಿ ಮತ್ತೆ ಪಟಪಟ. ಮೊದಲ ಎರಡು ಕಂತು ಕ್ಯಾಲೆಂಡರ್ ಹಿಡಿದುಕೊಂಡು ನೋಡಬೇಕು. ಹುಡುಗಿ ಒಬ್ಬಳು ಸತ್ತಳು, ಆಮೇಲೆ ಅವಳೇ ನಗುನಗುತ್ತಾ ವಿಮಾನದಿಂದ ಇಳಿಯುತ್ತಾಳೆ. ನನ್ನ ಹೆಂಡತಿ ಎರಡನೇ ಕಂತಿನಲ್ಲೇ ಎದ್ದು ಹೋದಳು.

ಇನ್ನೊಂದು, ಬಹುಭಾಷಾ ಸೀರೀಸ್ ಅಂತ ಹೊಗಳುವವರಿಗೆ ಒಂದು ಪ್ರಶ್ನೆ. ಕೊಲೆಗಳ ಬೆನ್ನು ಹತ್ತುವ ರಾಯಭಾರ ಕಚೇರಿಯ ಕ್ನಿಪೆನ್‌ಬರ್ಗ್ ಡಚ್, ಅವನ ಹೆಂಡತಿ ಜರ್ಮನ್, ಇಬ್ಬರೂ ಮನೇಲಿ ಇಂಗ್ಲಿಷ್. ಸರಿ, ಒಪ್ಪೋಣ. ಆದರೆ ಶೋಭರಾಜ್ ಮತ್ತು ಅವನ ಗೆಳತಿ ಮರಿ-ಆಂಡ್ರೆ ಇಬ್ಬರಿಗೂ ಫ್ರೆಂಚ್ ಬರುತ್ತದೆ. ಹಾಸಿಗೆಯಲ್ಲಿ ಜಗಳ ಆಡುವಾಗಲೂ ಇಂಗ್ಲಿಷ್ ಯಾಕೆ? ನೋಡುವ ಇಂಗ್ಲಿಷರಿಗೆ ಓದೋಕೆ ಬೇಜಾರು ಅಂತ, ಅಲ್ವಾ?

ವಸಂತನಗರ (ಬೆಂಗಳೂರು)

ಕಾಫಿಪುಡಿಯವರು ಹೇಳಿದ್ದು ನನಗೂ ಚುಚ್ಚಿತು. ನಾನು ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಫ್ರೆಂಚ್ ಕಲಿತವಳು, ಹಾಗಾಗಿ ಕಿವಿ ಅಲ್ಲೇ ಹೋಗುತ್ತದೆ.

ಮರಿ-ಆಂಡ್ರೆ ಲೆಕ್ಲೇರ್ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಲೆವಿ ಊರಿನವಳು. ಕ್ವಿಬೆಕ್ ಜನ ಮಾತಾಡುವ ಫ್ರೆಂಚ್ ಪ್ಯಾರಿಸ್ಸಿನದಕ್ಕಿಂತ ತೀರಾ ಬೇರೆ ಥರ ಕೇಳಿಸುತ್ತದೆ. ಧಾರವಾಡದವರ ಕನ್ನಡವನ್ನೂ ಕುಂದಾಪುರದವರ ಕನ್ನಡವನ್ನೂ ಒಂದೇ ಸಲ ಕೇಳಿದಷ್ಟು ಅಂತರ. ಪಾತ್ರ ಮಾಡಿದ ಜೆನ್ನಾ ಕೋಲ್ಮನ್ ಇಂಗ್ಲೆಂಡಿನ ಹುಡುಗಿ. ಈ ಪಾತ್ರಕ್ಕಾಗಿಯೇ ಫ್ರೆಂಚ್ ಕಲಿತಳಂತೆ. ಶ್ರಮ ಕಾಣುತ್ತದೆ, ಆದರೆ ಲೆವಿ ಊರು ಕೇಳಿಸುವುದಿಲ್ಲ. ಶೋಭರಾಜ್ ಪಾತ್ರದ ತಹರ್ ರಹೀಮ್ ಫ್ರಾನ್ಸಿನವನೇ, ಅಲ್ಜೀರಿಯಾ ಮೂಲದ ಕುಟುಂಬ. ಅವನ ಫ್ರೆಂಚ್ ಸರಾಗ. ಮಜಾ ಏನೆಂದರೆ ಅವನು ಇಂಗ್ಲಿಷ್ ಮಾತಾಡುವಾಗ ಹೆಚ್ಚು ಭಯ ಹುಟ್ಟಿಸುತ್ತಾನೆ. ಪ್ರತಿ ಪದವನ್ನೂ ಅಳೆದು ಇಡುತ್ತಾನೆ. ಮುಖ ಅಲ್ಲಾಡುವುದಿಲ್ಲ. ಕಲಿತ ಭಾಷೆಯಲ್ಲಿ ಸುಳ್ಳು ಹೇಳುವವನ ಮಾತು ಹಾಗೇ ಇರುತ್ತದೆ ಅನ್ನಿಸಿತು.

ಫ್ರೆಂಚ್ ನಿಜವಾಗಿ ಕೆಲಸ ಮಾಡುವುದು ನಡೀನ್ ವಿಷಯದಲ್ಲಿ. ಅವಳು ಅದೇ ಕಟ್ಟಡದಲ್ಲಿರುವ ಫ್ರೆಂಚ್ ಹೆಂಗಸು, ಗಂಡ ರೆಮಿ ಅಡುಗೆಯವನು. ನೆರೆಮನೆಯವನು ನಮ್ಮ ಭಾಷೆ ಆಡುತ್ತಾನೆ ಅನ್ನುವ ಒಂದೇ ಕಾರಣಕ್ಕೆ ಅವರು ಅಲೆನ್‌ನನ್ನು ಹತ್ತಿರ ಬಿಟ್ಟುಕೊಂಡದ್ದು. ಡೊಮಿನಿಕ್ ಎಂಬ ಹುಡುಗನದೂ ಅದೇ ಕಥೆ. ಕಾಯಿಲೆ ಬಿದ್ದಾಗ ತನ್ನ ಭಾಷೆಯಲ್ಲಿ ‘ಔಷಧಿ ತಗೋ’ ಎಂದವನನ್ನು ಯಾರು ಅನುಮಾನಿಸುತ್ತಾರೆ? ಆ ಔಷಧಿಯಿಂದಲೇ ಕಾಯಿಲೆ ಎಂಬುದು ಅವನಿಗೆ ಗೊತ್ತಾಗುವುದು ಎಷ್ಟೋ ದಿನದ ಮೇಲೆ. ನಂತರ ಅದೇ ನಡೀನ್, ಅದೇ ರೆಮಿ ಸೇರಿ ಅವನನ್ನು ಪ್ಯಾರಿಸ್ ವಿಮಾನ ಹತ್ತಿಸುತ್ತಾರೆ. ವಿಮಾನ ನಿಲ್ದಾಣದ ಆ ದೃಶ್ಯ ಇಡೀ ಸೀರೀಸ್‌ನಲ್ಲಿ ಎಲ್ಲಕ್ಕಿಂತ ಚೆನ್ನಾಗಿದೆ. ಒಂದು ಕೊಲೆಯೂ ಇಲ್ಲ, ಆದರೂ ನಾನು ಉಗುರು ಕಚ್ಚುತ್ತಾ ಕೂತಿದ್ದೆ.

ನಿದ್ದೆಗೇಡಿ

ಮೇಡಂ, ಆ ದೃಶ್ಯ ನೋಡುವಾಗ ನಮ್ಮಮ್ಮ ‘ಬೇಗ ಹೋಗೋ ಮಾರಾಯ’ ಅಂತ ಟಿವಿಗೆ ಬೈದರು. ಅವರಿಗೆ ಇಂಗ್ಲಿಷ್ ಸಬ್‌ಟೈಟಲ್ ಓದುವ ವೇಗ ಇಲ್ಲ. ಪಕ್ಕದಲ್ಲಿ ಕೂತು ನಾನೇ ಹೇಳುತ್ತಿದ್ದೆ. ಅಲ್ಲಿ ಮಾತ್ರ ಏನೂ ಹೇಳಬೇಕಾಗಲಿಲ್ಲ.

ಹಳೇ ಕ್ಯಾಶಿಯರ್ (ಮೈಸೂರು)

ನಾನು ಬ್ಯಾಂಕಿನಲ್ಲಿದ್ದವನು, ನಿವೃತ್ತಿಯಾಗಿದೆ. ಎಂಬತ್ತರ ದಶಕದಲ್ಲಿ ವಿದೇಶಿ ವಿನಿಮಯದ ಕೌಂಟರಿನಲ್ಲಿ ಕೂತಿದ್ದೆ. ಈ ಸೀರೀಸನ್ನು ಮಗ ಹಾಕಿಕೊಟ್ಟ. ಎಲ್ಲರೂ ಕೊಲೆ, ವಿಷ ಅಂತ ನೋಡುತ್ತಿದ್ದರೆ ನನ್ನ ಕಣ್ಣು ಟ್ರಾವೆಲರ್ಸ್ ಚೆಕ್ ಮೇಲೆ.

ಈಗಿನ ಹುಡುಗರಿಗೆ ಅದು ಏನು ಅಂತಲೇ ಗೊತ್ತಿರಲಿಕ್ಕಿಲ್ಲ, ಸ್ವಲ್ಪ ಹೇಳುತ್ತೇನೆ. ಕಾರ್ಡ್ ಇಲ್ಲದ ಕಾಲ. ವಿದೇಶಕ್ಕೆ ಹೊರಟವರು ಊರಲ್ಲೇ ಹಣ ಕಟ್ಟಿ ಚೆಕ್ಕಿನ ಪುಸ್ತಕ ಕೊಳ್ಳುತ್ತಿದ್ದರು. ಅಮೆರಿಕನ್ ಎಕ್ಸ್‌ಪ್ರೆಸ್‌ನವರು 1891ರಲ್ಲೇ ಇದನ್ನು ಶುರುಮಾಡಿದ್ದರು. ಕೊಂಡಾಗಲೇ ಪ್ರತಿ ಹಾಳೆಯ ಮೇಲೂ ಒಂದು ಸಹಿ ಹಾಕಬೇಕು. ನಗದು ಮಾಡಿಸುವಾಗ ನಮ್ಮ ಎದುರಿಗೆ ಇನ್ನೊಂದು ಸಹಿ. ಎರಡೂ ತಾಳೆಯಾದರೆ, ಪಾಸ್‌ಪೋರ್ಟಿನ ಫೋಟೋ ಮುಖಕ್ಕೆ ಹೊಂದಿದರೆ, ಹಣ ಕೊಡು. ಅಷ್ಟೇ ನಿಯಮ. ಚೆಕ್ಕಿನ ನಂಬರುಗಳ ರಸೀದಿಯನ್ನು ಬೇರೆ ಕಡೆ ಇಟ್ಟುಕೊಳ್ಳಿ ಎಂದು ಎಲ್ಲರಿಗೂ ಹೇಳುತ್ತಿದ್ದರು. ಕಳೆದುಹೋದರೆ ಆ ರಸೀದಿ ತೋರಿಸಿ ಹೊಸದು ಪಡೆಯಬಹುದಿತ್ತು.

ಈಗ ಲೆಕ್ಕ ಹಾಕಿ. ಕಳೆದುಹೋಯಿತು ಎಂದು ದೂರು ಕೊಡಬೇಕಾದವನೇ ಬದುಕಿಲ್ಲ. ದೂರಿಲ್ಲದಿದ್ದರೆ ಆ ನಂಬರು ತಡೆಪಟ್ಟಿಗೆ ಬರುವುದಿಲ್ಲ. ಮೊದಲ ಸಹಿ ಹಾಳೆಯ ಮೇಲೇ ಇದೆ, ನೋಡಿಕೊಂಡು ಅಭ್ಯಾಸ ಮಾಡಬಹುದು. ಪಾಸ್‌ಪೋರ್ಟಿನ ಫೋಟೋ ಅಂಟಿನಿಂದ ಹಚ್ಚಿದ್ದು, ಕಿತ್ತು ಬೇರೆ ಹಚ್ಚಬಹುದು. ಅವನು ಕದ್ದದ್ದು ಸತ್ತವರ ದುಡ್ಡನ್ನಷ್ಟೇ ಅಲ್ಲ. ಅವರ ಹೆಸರನ್ನೂ ಎತ್ತಿಕೊಂಡು ಬೇರೆ ದೇಶಕ್ಕೆ ಹೋಗುತ್ತಿದ್ದ. ಹಾಗಾಗಿ ಸತ್ತವರು ಕಾಗದದಲ್ಲಿ ಬದುಕಿ ತಿರುಗಾಡುತ್ತಲೇ ಇದ್ದರು. ಮನೆಯವರು ವಿಚಾರಿಸಿದರೆ ಇಂಥ ದಿನ ಇಂಥ ಗಡಿ ದಾಟಿದ್ದಾರೆ ಎಂಬ ಮುದ್ರೆ ಸಿಗುತ್ತದೆ, ಇನ್ನೇನು ಕೇಳುತ್ತಾರೆ?

ಕೌಂಟರಿನಲ್ಲಿ ಕೂತವನ ಕಷ್ಟವನ್ನೂ ಹೇಳಬೇಕು. ಬಿಳಿಯ ಮುಖ, ಉದ್ದ ಕೂದಲು, ಗಡ್ಡ. ಫೋಟೋದಲ್ಲೂ ಗಡ್ಡ, ಎದುರಿಗೂ ಗಡ್ಡ. ಹಿಂದೆ ಸಾಲು ನಿಂತಿದೆ. ‘ಸ್ವಾಮಿ, ನೀವು ನಿಜಕ್ಕೂ ಇವರೇನಾ?’ ಅಂತ ಯಾರು ಕೇಳುತ್ತಾರೆ? ನಮ್ಮ ಶಾಖೆಯಲ್ಲಿ ಸಹಿ ಹೊಂದುತ್ತಿಲ್ಲ ಅಂತ ನಾನು ಒಬ್ಬ ಪ್ರವಾಸಿಯನ್ನು ಕೂರಿಸಿದ್ದಕ್ಕೆ ಮ್ಯಾನೇಜರರಿಂದ ನನಗೇ ಬೈಗುಳ ಬಿತ್ತು. ಪಾಪ ಆತನ ಕೈಗೆ ಪೆಟ್ಟಾಗಿತ್ತು, ಸರಿಯಾಗಿ ಬರೆಯಲಾಗುತ್ತಿರಲಿಲ್ಲ. ಹಾಗಂತ ಬಿಡೋಕಾಗುತ್ತಾ?

ಕಡಲಂಚಿನ ಅಕ್ಕ (ಗೋಕರ್ಣ)

ಕ್ಯಾಶಿಯರ್ ಸರ್, ನಿಮ್ಮ ಮಾತು ಕೇಳಿ ನನ್ನ ರಿಜಿಸ್ಟರ್ ತೆಗೆದು ನೋಡಿದೆ ಮಾರಾಯ್ರೆ. ನಮ್ಮದು ಸಣ್ಣ ಹೋಮ್‌ಸ್ಟೇ. ವಿದೇಶದವರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಫಾರ್ಮ್ ತುಂಬಬೇಕು (ಸಿ ಫಾರ್ಮ್ ಅನ್ನುತ್ತಿದ್ದರು), ಅದು ವಿದೇಶಿಯರ ನೋಂದಣಿ ನೋಡಿಕೊಳ್ಳುವ ಎಫ್‌ಆರ್‌ಆರ್‌ಒ ಕಚೇರಿಗೆ ಹೋಗುತ್ತದೆ. ಪಾಸ್‌ಪೋರ್ಟು, ವೀಸಾ, ಎಲ್ಲಿಂದ ಬಂದರು, ಮುಂದೆ ಎಲ್ಲಿಗೆ, ಫೋಟೋ, ಎಲ್ಲಾ. ಕರೆಂಟ್ ಹೋದರೆ, ನೆಟ್ ಹೋದರೆ, ಮೊಬೈಲ್ ಹಿಡಿದುಕೊಂಡು ಗುಡ್ಡ ಹತ್ತಿದ್ದೂ ಉಂಟು. ಸುಮ್ನೆ ತಲೆನೋವು ಅಂತ ಬೈದುಕೊಳ್ಳುತ್ತಿದ್ದೆ.

ಸೀರೀಸ್‌ನಲ್ಲಿ ನನಗೆ ಕರುಳು ಹಿಂಡಿದ್ದು ಆ ಡಚ್ ಜೋಡಿಯ ವಿಷಯ. ಮನೆಗೆ ತಪ್ಪದೆ ಕಾಗದ ಬರೆಯುತ್ತಿದ್ದವರು. ಕಾಗದ ನಿಂತಿತು. ಅಷ್ಟೇ ಸುಳಿವು. ಅದನ್ನೇ ಹಿಡಿದು ನೆದರ್ಲೆಂಡ್ಸಿನಿಂದ ಮನೆಯವರು ಬ್ಯಾಂಕಾಕ್‌ನ ರಾಯಭಾರ ಕಚೇರಿಗೆ ಬರೆಯುತ್ತಾರೆ. 1976ರ ಫೆಬ್ರುವರಿ. ಹರ್ಮನ್ ಕ್ನಿಪೆನ್‌ಬರ್ಗ್ ಎಂಬ ಕೆಳದರ್ಜೆಯ ಅಧಿಕಾರಿಯ ಮೇಜಿಗೆ ಆ ಪತ್ರ ಬರುತ್ತದೆ. ಅಯುತ್ತಯದ ಹತ್ತಿರ ರಸ್ತೆ ಬದಿ ಸುಟ್ಟ ಸ್ಥಿತಿಯಲ್ಲಿ ಸಿಕ್ಕ ಎರಡು ಹೆಣ ಆಗಲೇ ಶವಾಗಾರದಲ್ಲಿ ಇದ್ದವು, ಆಸ್ಟ್ರೇಲಿಯಾದವರು ಎಂಬ ಚೀಟಿಯಲ್ಲಿ! ಆ ಆಸ್ಟ್ರೇಲಿಯಾದವರು ಜೀವಂತ ಇದ್ದಾರೆ ಅಂತ ಆಮೇಲೆ ಗೊತ್ತಾಗುತ್ತದೆ. ಹಲ್ಲಿನ ದಾಖಲೆ ತರಿಸಿ, ದಂತವೈದ್ಯೆಯನ್ನು ಕರೆಸಿ, ತಾಳೆ ನೋಡಿಸುತ್ತಾನೆ ಈತ. ಆ ಶವಾಗಾರದ ದೃಶ್ಯವನ್ನು ಬೆರಳ ಸಂದಿಯಿಂದ ನೋಡಿದೆ.

ನಮ್ಮಲ್ಲಿಗೂ ಹಾಗೇ ಬರುತ್ತಾರೆ ಹುಡುಗರು. ಕುಡ್ಲೆ ಬೀಚಿನಲ್ಲಿ ನಾಲ್ಕು ದಿನ ಅಂತ ಬಂದು ತಿಂಗಳು ಇರುತ್ತಾರೆ. ಬೇರೆ ಬೇರೆ ದೇಶದವರು, ಪರಿಚಯ ಆಗಿ ಎರಡು ದಿನಕ್ಕೆ ಅಣ್ಣ ತಮ್ಮ ಅನ್ನುವ ಹಾಗೆ. ಒಬ್ಬನ ಚೀಲವನ್ನು ಇನ್ನೊಬ್ಬ ಕಾಯುತ್ತಾನೆ. ಪಾಸ್‌ಪೋರ್ಟು ನಿಮ್ಮ ಹತ್ತಿರವೇ ಇರಲಿ ಅಂದರೆ ನಗುತ್ತಾರೆ.

ಮಸ್ಕತ್ ಮಾವ (ಈಗ ಉಡುಪಿ)

ಪಾಸ್‌ಪೋರ್ಟಿನ ಮಾತು ಬಂತಲ್ಲ. ನಾನು ಕೊಲ್ಲಿಯಲ್ಲಿ ಬಹಳ ವರ್ಷ ಇದ್ದವನು. ಮೊದಲ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ದಿನವೇ ಪಾಸ್‌ಪೋರ್ಟು ಆಫೀಸಿನ ಕಪಾಟಿಗೆ ಹೋಯಿತು. ಹಾಗೆ ಇಟ್ಟುಕೊಳ್ಳುವುದಕ್ಕೆ ಕಾನೂನಿನಲ್ಲಿ ಅವಕಾಶ ಇರಲಿಲ್ಲ, ಆದರೂ ಇಟ್ಟುಕೊಳ್ಳುತ್ತಿದ್ದರು. ಊರಲ್ಲಿ ಅಪ್ಪ ಆಸ್ಪತ್ರೆಗೆ ಸೇರಿದಾಗ ಅದನ್ನು ವಾಪಸ್ ಪಡೆಯಲು ಆ ಕಪಾಟಿನ ಕೀಲಿ ಇಟ್ಟುಕೊಂಡವನ ಮುಂದೆ ಕೈಕಟ್ಟಿ ನಿಂತಿದ್ದೆ. ಆದ್ದರಿಂದ ಡೊಮಿನಿಕ್ ‘ನನ್ನ ಪಾಸ್‌ಪೋರ್ಟು ಅವನ ಹತ್ತಿರ ಇದೆ’ ಅಂದಾಗ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ. ಬೀಗ ಹಾಕಿದ ಬಾಗಿಲೇ ಬೇಡ, ಅಷ್ಟು ಸಾಕು.

ಆದರೆ ಒಂದು ತಕರಾರು ಇದೆ. ಎಲ್ಲರೂ ಹಿಪ್ಪಿಗಳನ್ನು ಪಾಪ ಅನ್ನುತ್ತೀರಿ. ಅವರೂ ಪರದೇಶಿಗಳು, ನಾವೂ ಪರದೇಶಿಗಳು. ಅವರು ಮಜಾ ಮಾಡಲು ಹೋದವರು. ನಾವು ಮನೆ ಸಾಲ ತೀರಿಸಲು ಹೋದವರು. ಕೊಲ್ಲಿಯ ಕಾರ್ಮಿಕರ ಶಿಬಿರದಲ್ಲಿ ಒಬ್ಬ ಕಾಣೆಯಾದರೆ ಅದರ ಮೇಲೆ ಎಂಟು ಕಂತಿನ ಸೀರೀಸ್ ಯಾರು ಮಾಡುತ್ತಾರೆ ಹೇಳಿ. ಮಲಯಾಳಿ, ಬಂಗಾಳಿ, ಪಠಾಣ, ನಮ್ಮ ತುಳು ಹುಡುಗರು, ಎಲ್ಲ ಒಂದೇ ಕೋಣೆ. ಅಲ್ಲಿ ಹರಕುಮುರುಕು ಹಿಂದಿಯೇ ಎಲ್ಲರಿಗೂ ಗತಿ. ಬಹುಭಾಷೆ ಅಂದರೆ ಅದು!

ಕಾಫಿಪುಡಿ

ಮಾವನ ಮಾತಿಗೆ ನನ್ನ ಪೂರ್ತಿ ಬೆಂಬಲ. ಇದಕ್ಕೇ ಇನ್ನೊಂದು ಸೇರಿಸುತ್ತೇನೆ. ಸೀರೀಸ್ ನಡೆಯುವುದು ಥೈಲ್ಯಾಂಡಿನಲ್ಲಿ, ಥಾಯ್ ಜನ ಎಲ್ಲಿದ್ದಾರೆ? ಚಾಲಕ, ಕಾವಲುಗಾರ, ಲಂಚಕೋರ ಪೊಲೀಸ್, ಮೂಲೆಯಲ್ಲಿ ನಿಂತ ಕೆಲಸದಾಕೆ. ಸ್ವಲ್ಪ ಮಾತು ಸಿಕ್ಕಿದ್ದು ಇಂಟರ್‌ಪೋಲ್‌ನ ಸೊಂಪೋಲ್ ಎಂಬ ಅಧಿಕಾರಿಗೆ. ಉಳಿದಂತೆ ಬ್ಯಾಂಕಾಕ್ ಬರೀ ಬಣ್ಣ, ಬೆವರು, ಫ್ಯಾನು.

ಅಜಯ್ ಚೌಧರಿಯನ್ನು ನೋಡಿ. ಶೋಭರಾಜ್‌ನ ಬಲಗೈ, ಭಾರತದವನು. ಕೊಲೆಗಳಲ್ಲಿ ಕೈ ಇತ್ತು, ಒಳ್ಳೆಯವನಲ್ಲ, ಒಪ್ಪಿದೆ. ಆದರೆ 1976ರಲ್ಲಿ ಶೋಭರಾಜ್ ಜೊತೆ ಮಲೇಷಿಯಾಗೆ ಹೋದವನು ಮತ್ತೆ ಕಾಣಲೇ ಇಲ್ಲ. ಇವತ್ತಿಗೂ ಪತ್ತೆ ಇಲ್ಲ. ಡಚ್ ಜೋಡಿಗೆ ಒಬ್ಬ ಕ್ನಿಪೆನ್‌ಬರ್ಗ್ ಸಿಕ್ಕಿದ. ಅಜಯ್‌ಗೆ ಯಾರೂ ಸಿಗಲಿಲ್ಲ. ನಿದ್ದೆಗೇಡಿ ಹೇಳಿದ ‘ಮೇಜು’ ಲೆಕ್ಕ ಹಿಡಿದರೆ ಇವನ ಕಡತಕ್ಕೆ ಮೇಜೇ ಇರಲಿಲ್ಲ.

ನಿದ್ದೆಗೇಡಿ

ಅಜಯ್ ವಿಷಯ ಸರಿಯಾಗಿ ಹಿಡಿದಿರಿ. ಅವನ ಹಿಂದೆ ಮುಂದೆ ಏನೂ ಹೇಳುವುದಿಲ್ಲ ಸೀರೀಸ್. ಎಲ್ಲಿಯವನು, ಮನೆಯಲ್ಲಿ ಯಾರಿದ್ದರು, ಬ್ಯಾಂಕಾಕ್‌ಗೆ ಹೇಗೆ ಬಂದ? ಒಂದು ಕಂತು ಅವನಿಗೆ ಕೊಟ್ಟಿದ್ದರೆ ಶೋಭರಾಜ್‌ನ ಬಾಲ್ಯದ ಕಣ್ಣೀರನ್ನು ಸ್ವಲ್ಪ ಕಡಿಮೆ ಮಾಡಬಹುದಿತ್ತು.

ಆದರೆ ಕ್ನಿಪೆನ್‌ಬರ್ಗ್‌ನನ್ನು ನಾನು ಬಿಟ್ಟುಕೊಡುವುದಿಲ್ಲ. ಸಿನಿಮಾದ ಪತ್ತೇದಾರ ಥರ ಇಲ್ಲವೇ ಇಲ್ಲ ಮನುಷ್ಯ. ಬಂದೂಕಿಲ್ಲ, ಅಧಿಕಾರ ಇಲ್ಲ. ಬೆವರಿ ಒದ್ದೆಯಾದ ಅಂಗಿ, ಕೈಯಲ್ಲಿ ಫೈಲು. ಮೇಲಿನವರು ‘ಇದು ನಿನ್ನ ಕೆಲಸ ಅಲ್ಲ’ ಅನ್ನುತ್ತಾರೆ. 1976ರ ಮಾರ್ಚ್‌ನಲ್ಲಿ ಪೊಲೀಸರು ಕಾನಿತ್ ಹೌಸ್‌ಗೆ ನುಗ್ಗಿ ಶೋಭರಾಜ್‌ನನ್ನು ಹಿಡಿದೂ ಹಿಡಿದರು. ಅವನು ಅಮೆರಿಕದವನೊಬ್ಬನ ಪಾಸ್‌ಪೋರ್ಟು ತೋರಿಸಿ ‘ನಾನು ಅವನಲ್ಲ’ ಅಂದ. ಬಿಟ್ಟುಬಿಟ್ಟರು! ಆಮೇಲೆ ಖಾಲಿ ಮನೆಯೊಳಗೆ ಕ್ನಿಪೆನ್‌ಬರ್ಗ್ ತಾನೇ ಹೋಗಿ ಸತ್ತವರ ಕಾಗದಪತ್ರ, ರಾಶಿ ಔಷಧಿ, ಎಲ್ಲ ಎತ್ತಿ ಇಟ್ಟುಕೊಳ್ಳುತ್ತಾನೆ. ಆ ಪೆಟ್ಟಿಗೆಗಳನ್ನು ವರ್ಷಗಟ್ಟಲೆ ಊರೂರು ಹೊತ್ತು, ಕೊನೆಗೆ ನಿವೃತ್ತಿಯಾಗಿ ನ್ಯೂಜಿಲೆಂಡಿನ ವೆಲಿಂಗ್ಟನ್‌ಗೂ ಒಯ್ದ. 2003ರಲ್ಲಿ ಶೋಭರಾಜ್ ಕಠ್ಮಂಡುವಿನ ಕ್ಯಾಸಿನೊದಲ್ಲಿ ಸಿಕ್ಕಿಬಿದ್ದಾಗ ಆ ಕಾಗದಗಳೇ ಕೆಲಸಕ್ಕೆ ಬಂದವು. 2004ರಲ್ಲಿ ಶಿಕ್ಷೆ ಆಯಿತು, 1975ರ ಕೊಲೆಗೆ.

ಕ್ನಿಪೆನ್‌ಬರ್ಗ್‌ನ ಹೆಂಡತಿ ಆಂಜೆಲಾಳ ಪಾಲೂ ಕಡಿಮೆ ಇಲ್ಲ. ತೆರೆಯ ಮೇಲೆ ಅವಳು ಗಂಡನ ಹುಚ್ಚಿಗೆ ಬೇಸತ್ತವಳ ಹಾಗೆ ಕೊನೆಗೆ ಕಾಣುತ್ತಾಳೆ. ನಿಜ ಜೀವನದಲ್ಲಿ ಆಂಜೆಲಾ ಕೇನ್ ಮುಂದೆ ವಿಶ್ವಸಂಸ್ಥೆಯಲ್ಲಿ ನಿಶ್ಶಸ್ತ್ರೀಕರಣ ವಿಭಾಗದ ಮುಖ್ಯಸ್ಥೆಯಾದವಳು. ಗಂಡನಿಗಿಂತ ದೊಡ್ಡ ಹುದ್ದೆ.

ವಸಂತನಗರ

ಕಾಫಿಪುಡಿ, ಥಾಯ್ ಪಾತ್ರಗಳ ಬಗ್ಗೆ ಭಾಗಶಃ ಒಪ್ಪುತ್ತೇನೆ. ಆದರೆ ಆ ಜನ ಬದುಕಿದ್ದೇ ಹಾಗೆ ಅಲ್ವಾ? ಊರಿನವರನ್ನು ನೋಡದೆಯೇ ಆ ಊರಲ್ಲಿ ವರ್ಷಗಟ್ಟಲೆ ಇದ್ದವರು. ಬೆಂಗಳೂರಲ್ಲೂ ಅಂಥ ಅಪಾರ್ಟ್‌ಮೆಂಟು ಬೇಕಾದಷ್ಟಿವೆ.

ಹಾಂ, ಒಂದು ಸಣ್ಣ ವಿಷಯ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಥೈಲ್ಯಾಂಡಿನ ಚಿತ್ರೀಕರಣ ಅರ್ಧಕ್ಕೆ ನಿಂತಿತ್ತು. ಉಳಿದದ್ದನ್ನು ಇಂಗ್ಲೆಂಡಿನ ಟ್ರಿಂಗ್ ಎಂಬ ಪುಟ್ಟ ಊರಲ್ಲಿ ಮುಗಿಸಿದರು. ಏಷ್ಯಾದ ಬಿಸಿಲು ಅಂತ ನಾವು ಬೆವರಿದ್ದು ಕೆಲವು ಕಡೆ ಇಂಗ್ಲೆಂಡಿನ ಬಿಸಿಲಿಗೆ.

ಕಡಲಂಚಿನ ಅಕ್ಕ

ಮರಿ-ಆಂಡ್ರೆ ಬಗ್ಗೆ ಯಾರೂ ಹೇಳಲಿಲ್ಲ. ಅವಳಿಗೆ ಗೊತ್ತಿತ್ತಾ, ಇಲ್ವಾ? ಸೀರೀಸ್ ಅವಳ ಮೇಲೆ ಸ್ವಲ್ಪ ಕರುಣೆ ತೋರಿಸಿದೆ. ನನಗೆ ಅಷ್ಟು ಬರಲಿಲ್ಲ. ನರಳುವವನ ಬಾಯಿಗೆ ಲೋಟ ಹಿಡಿದ ಕೈ ಅವಳದೇ. ಒಂದು ಸಲ ಗೊತ್ತಿರಲಿಲ್ಲ ಅನ್ನೋಣ, ಎರಡನೇ ಸಲ?

ಹಳೇ ಕ್ಯಾಶಿಯರ್

ಅಕ್ಕ ಹೇಳಿದ್ದು ಸರಿ. ಆಕೆಯೂ 1976ರಲ್ಲಿ ದೆಹಲಿಯಲ್ಲಿ ಸಿಕ್ಕಿಬಿದ್ದಳು. ವಿಕ್ರಂ ಹೋಟೆಲಿನಲ್ಲಿ ಫ್ರೆಂಚ್ ವಿದ್ಯಾರ್ಥಿಗಳ ಗುಂಪಿಗೆ ಮಾತ್ರೆ ಕೊಟ್ಟದ್ದು, ಅವರೆಲ್ಲ ಒಟ್ಟಿಗೆ ಅಲ್ಲೇ ಕುಸಿದದ್ದು, ಆ ಪ್ರಕರಣದಲ್ಲಿ. ಕ್ಯಾನ್ಸರ್ ಆದ ಮೇಲೆ ಕೆನಡಾಕ್ಕೆ ಹೋಗಲು ಬಿಟ್ಟರು. 1984ರಲ್ಲಿ ತನ್ನ ಊರಲ್ಲೇ ತೀರಿಕೊಂಡಳು.

ನಮ್ಮ ಕಡೆಯ ಕಥೆಯನ್ನೂ ಒಂದಿಷ್ಟು ಹೇಳಿಬಿಡುತ್ತೇನೆ, ಸೀರೀಸ್ ಅದನ್ನು ಹಾರಿಸಿಬಿಟ್ಟಿದೆ. 1986ರ ಮಾರ್ಚ್‌ನಲ್ಲಿ ತಿಹಾರ್‌ನಿಂದ ಪರಾರಿ. ಏಪ್ರಿಲ್‌ನಲ್ಲಿ ಗೋವಾದ ಪೊರ್ವೊರಿಮ್‌ನ ಓ ಕೊಕೇರೊ ಹೋಟೆಲಿನಲ್ಲಿ ಮುಂಬೈ ಪೊಲೀಸ್ ಅಧಿಕಾರಿ ಮಧುಕರ ಝೇಂಡೆ ಹಿಡಿದರು. 1971ರಲ್ಲೂ ಅವನನ್ನು ಹಿಡಿದದ್ದು ಇದೇ ಝೇಂಡೆ. ತಪ್ಪಿಸಿಕೊಂಡದ್ದಕ್ಕೆ ಮತ್ತೆ ಶಿಕ್ಷೆ ಬಿತ್ತು. ಅದರಿಂದ ಅವನಿಗೆ ಲಾಭವೇ ಆಯಿತು ಅನ್ನುತ್ತಾರೆ. ಥೈಲ್ಯಾಂಡಿನ ವಾರಂಟು 20 ವರ್ಷಕ್ಕೆ ಮುಗಿಯುತ್ತಿತ್ತು, ಅಷ್ಟೂ ಕಾಲ ಇಲ್ಲೇ ಒಳಗಿದ್ದ. 1997ರಲ್ಲಿ ಹೊರಬಂದು ಫ್ರಾನ್ಸಿಗೆ ಹೋಗಿ ಹಣ ಪಡೆದು ಸಂದರ್ಶನ ಕೊಡುತ್ತಾ ಕೂತ. ಸೀರೀಸ್ ಶುರುವಾಗುವುದೇ ಆ ಪ್ಯಾರಿಸ್ ಸಂದರ್ಶನದಿಂದ.

ಆ ದಿನಗಳಲ್ಲಿ ನಮ್ಮ ವಾರಪತ್ರಿಕೆಗಳು ಅವನನ್ನು ಸಿನಿಮಾ ನಟನ ಹಾಗೆ ಬರೆಯುತ್ತಿದ್ದವು. ಟೋಪಿ, ಕನ್ನಡಕ, ಎಷ್ಟು ಭಾಷೆ ಬರುತ್ತದೆ, ಎಷ್ಟು ಹುಡುಗಿಯರು. ಸತ್ತವರ ಹೆಸರು ಒಂದು ಸಲವೂ ಓದಿದ ನೆನಪಿಲ್ಲ. ಈ ಸೀರೀಸ್ ಸತ್ತವರಲ್ಲಿ ಒಬ್ಬ ಹುಡುಗಿ ಸಿಯಾಟಲ್‌ನಿಂದ ಹೊರಟು ಬೌದ್ಧ ಮಠಕ್ಕೆ ಹೋಗಬೇಕೆಂದಿದ್ದಳು ಅಂತಾದರೂ ಹೇಳುತ್ತದೆ.

ಮಸ್ಕತ್ ಮಾವ

ಆ ಗೋವಾ ಹೋಟೆಲಿನವರು ಅವನ ಪ್ರತಿಮೆಯನ್ನೇ ಮಾಡಿ ಕುರ್ಚಿಯಲ್ಲಿ ಕೂರಿಸಿದ್ದರು ಸರ್, ಜನ ಪಕ್ಕದಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹಿಡಿದ ಝೇಂಡೆಯ ಪ್ರತಿಮೆ ಮಾಡಿದ್ದರೆ ಒಂದು ಅರ್ಥ ಇತ್ತು.

ಕಾಫಿಪುಡಿ

ಸೀರೀಸ್ ಕೂಡ ಏನು ಕಡಿಮೆ ಮಾಡಿಲ್ಲ. ಆ ಕನ್ನಡಕ, ಆ ಪ್ಯಾಂಟು, ನಿಧಾನಗತಿಯಲ್ಲಿ ನಡೆಯುವುದು, ಹಿಂದೆ ಎಪ್ಪತ್ತರ ದಶಕದ ಹಾಡು. ಜಾಹೀರಾತು ಇದ್ದ ಹಾಗಿದೆ. ಮಾತಲ್ಲಿ ‘ಸತ್ತವರ ಪರ’, ಕ್ಯಾಮೆರಾ ಮಾತ್ರ ಅವನ ಪರ. ಈಗ 2022ರ ಡಿಸೆಂಬರ್‌ನಲ್ಲಿ ನೇಪಾಳದ ಸುಪ್ರೀಂ ಕೋರ್ಟ್ ವಯಸ್ಸು, ಕಾಯಿಲೆ ಅಂತ ಬಿಟ್ಟು ಕಳಿಸಿದ ಮೇಲೆ ಮತ್ತೆ ಪ್ಯಾರಿಸ್, ಮತ್ತೆ ಕ್ಯಾಮೆರಾ. ಸೀರೀಸ್ ಬಂದಾಗ ಅವನು ಜೈಲಲ್ಲಿದ್ದ. ಈಗ ನೋಡಿದರೆ ಕೊನೆಯ ಕಂತಿನ ಸಮಾಧಾನ ಅರ್ಧಕ್ಕರ್ಧ ಹೋಗುತ್ತದೆ.

ನಿದ್ದೆಗೇಡಿ

ನಿಧಾನಗತಿ ಜಾಸ್ತಿ ಇದೆ, ಹೌದು. ಆದರೂ ಅವನ ಜೊತೆ ಒಂದು ಗಂಟೆ ಕೂತ ಮೇಲೆ ನನಗೆ ಅಸಹ್ಯವೇ ಬಂತು, ಆಕರ್ಷಣೆ ಅಲ್ಲ. ಇದು ಮುಗಿಯುವ ಜಗಳ ಅಲ್ಲ ಬಿಡಿ. ಇದೇ ಥರದ್ದು ಬೇರೆ ಏನಾದರೂ ಹೇಳಿ.

ಶಿಬುಯಾ ಸುಬ್ಬ (ಟೋಕಿಯೋ)

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ‘ಟೋಕಿಯೋ ವೈಸ್’ ನೋಡಿ. 2022 ಮತ್ತು 2024ರಲ್ಲಿ ಎರಡು ಸೀಸನ್ ಬಂತು, ಒಟ್ಟು 18 ಕಂತು. 1999ರ ಟೋಕಿಯೋ, ಜಪಾನಿ ಪತ್ರಿಕೆಗೆ ಸೇರಿದ ಅಮೆರಿಕದ ಹುಡುಗ, ಯಾಕುಜಾ ಎಂಬ ಭೂಗತ ಗ್ಯಾಂಗು, ಹೋಸ್ಟೆಸ್ ಬಾರು. ಇಲ್ಲಿ ಭಾಷೆಯ ವಿಷಯದಲ್ಲಿ ಮೋಸ ಇಲ್ಲ. ಜಪಾನಿನವರು ತಮ್ಮೊಳಗೆ ಜಪಾನಿಯನ್ನೇ ಆಡುತ್ತಾರೆ. ನಾಯಕನೂ ಪತ್ರಿಕೆಯ ಕಚೇರಿಯಲ್ಲಿ ಜಪಾನಿಯಲ್ಲೇ ಒದ್ದಾಡುತ್ತಾನೆ. ಕೆನ್ ವಾತಾನಾಬೆ ಮಾಡಿದ ಪೊಲೀಸ್ ಪಾತ್ರಕ್ಕೋಸ್ಕರ ನೋಡಬಹುದು. ಊರಿನವರನ್ನು ಮರೆತಿಲ್ಲ, ಕಾಫಿಪುಡಿಯವರಿಗೆ ಹಿಡಿಸುತ್ತದೆ.

ಇನ್ನೊಂದು ‘ಮ್ಯಾಕ್‌ಮಾಫಿಯಾ’, 2018ರದು. ಲಂಡನ್ನಿನಲ್ಲಿ ನೆಲೆಸಿದ ರಷ್ಯನ್ ಕುಟುಂಬ. ಅಪ್ಪ ಅಮ್ಮ ಮನೆಯಲ್ಲಿ ರಷ್ಯನ್ ಆಡುತ್ತಾರೆ, ಅವರಿಗೆ ರಷ್ಯದ ನಟರನ್ನೇ ಹಾಕಿದ್ದಾರೆ. ಮಗ ಇಂಗ್ಲಿಷ್ ಬ್ಯಾಂಕರ್. ಕಥೆ ಮುಂಬೈಗೂ ಬರುತ್ತದೆ, ನವಾಜುದ್ದೀನ್ ಸಿದ್ದಿಕಿ ಇದ್ದಾನೆ. ಕೊನೆಯ ಕಂತುಗಳು ಸ್ವಲ್ಪ ಎಳೆದಾಟ.

ಹಳೇ ಕ್ಯಾಶಿಯರ್

ಟೋಕಿಯೋದ್ದು ಬರೆದಿಟ್ಟುಕೊಂಡೆ. ಆದರೆ ಎಲ್ಲಾ ಜಪಾನಿಯಲ್ಲಿದ್ದರೆ ಅಷ್ಟೂ ಓದಬೇಕಲ್ಲಪ್ಪ. ಸಬ್‌ಟೈಟಲ್ ಅಕ್ಷರ ಇರುವೆಯಷ್ಟು ಬರುತ್ತದೆ ನಮ್ಮ ಟಿವಿಯಲ್ಲಿ. ದೊಡ್ಡದು ಮಾಡೋದಕ್ಕೆ ಆಗುತ್ತಾ?

ಶಿಬುಯಾ ಸುಬ್ಬ

ಆಗುತ್ತೆ ಸರ್. ನೆಟ್‌ಫ್ಲಿಕ್ಸ್ ಆದರೆ ಮಗನಿಗೆ ಹೇಳಿ, ಕಂಪ್ಯೂಟರಿನಲ್ಲಿ ಅಕೌಂಟ್ ತೆರೆದು ನಿಮ್ಮ ಪ್ರೊಫೈಲಿಗೆ ಹೋದರೆ ‘ಸಬ್‌ಟೈಟಲ್ ಅಪಿಯರೆನ್ಸ್’ ಅಂತ ಇರುತ್ತದೆ. ಅಲ್ಲಿ ಅಕ್ಷರ ದೊಡ್ಡದು ಮಾಡಿ, ಹಿಂದೆ ಕಪ್ಪು ಪಟ್ಟಿ ಹಾಕಿಸಿಕೊಳ್ಳಿ. ಆಮೇಲೆ ಟಿವಿಯಲ್ಲಿ ಒಂದು ಸಲ ಹೊರಗೆ ಬಂದು ಮತ್ತೆ ಹಾಕಿ. ಬೇರೆ ಆ್ಯಪ್ ಆದರೆ ಟಿವಿಯ ಸೆಟ್ಟಿಂಗ್ಸ್‌ನಲ್ಲೇ ಹುಡುಕಬೇಕು. ಯಾವ ಟಿವಿ ಅಂತ ಹೇಳಿ, ನೋಡಿ ತಿಳಿಸುತ್ತೇನೆ.